ನಾಟಕಶಾಲೆ ಎಲ್ಲಿತ್ತು?
(ಬಾನುಲಿ ಭಾಷಣ)

ನಾಟಕ ನೋಡಲು ಜನ ಹೋಗುವುದು ಸಂಜೆಯ ಮೇಲೆ. ದೀಪ ಹೊತ್ತಿಸಿದ ಹೊತ್ತಿನಲ್ಲಿ, ಊಟ ಮುಗಿಸಿಯೋ ಮುಗಿಸದೆಯೋ ಹೊರಟು, ಪರದೆ ಏಳುವುದನ್ನು ಕಾಯುತ್ತ ಕುಳಿತುಕೊಳ್ಳುವುದು ನಮಗೆಲ್ಲ ತಿಳಿದ ಸಂಗತಿ. ನಾಟಕವಿಲ್ಲದ ವೇಳೆಯಲ್ಲಿ, ಬೆಳಗಿನ ಹತ್ತು ಗಂಟೆಗೆ, ವೇಷವೂ ಇಲ್ಲದ ಹಾಡೂ ಇಲ್ಲದ ಬರಿಯ ನಾಟಕಶಾಲೆಯನ್ನು ಹಣ ತೆತ್ತು ನೋಡುವವರುಂಟೇ ಎಂದು ಯಾರಾದರೂ ಕೇಳಿದ್ದರೆ, ಕೆಲವು ವರ್ಷಗಳ ಹಿಂದೆ ನಾನು ನಕ್ಕುಬಿಡುತ್ತಿದ್ದೆ. ಮದುವೆ ಮುಗಿದ ಮಾರನೆಯ ದಿನ ಚಪ್ಪರ ನೋಡಲು ಹೋದ ಹಾಗಾಯಿತು ಎನ್ನುತ್ತಿದ್ದೆ. ಆದರೆ 2018ರ ಜೂನ್ ತಿಂಗಳಲ್ಲಿ ಲಂಡನ್ ನಗರದಲ್ಲಿ ನಾನೇ ಹಾಗೆ ಹೋದೆ. ಹದಿನಾಲ್ಕು ಜನರ ಗುಂಪಿನಲ್ಲಿ ಒಬ್ಬನಾಗಿ, ಕೊಡೆಯೊಂದನ್ನು ಎತ್ತಿ ಹಿಡಿದ ಮಾರ್ಗದರ್ಶಕನ ಹಿಂದೆ ಎರಡು ದಿನ ನಡೆದು, ಆ ಊರಿನ ರಂಗಭೂಮಿಯನ್ನು ನೋಡಿದೆ. ಆ ಎರಡು ದಿನಗಳಲ್ಲಿ ನನ್ನ ನಗು ಹೇಗೆ ಅಡಗಿತು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಹೋಗುವ ಮನಸ್ಸು ನನಗೆ ಅಷ್ಟಾಗಿ ಇರಲಿಲ್ಲ. ಮಗಳ ಸಂಸಾರ ಆಗ ಲಂಡನ್ನಿನಲ್ಲಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಪಾಠ ಹೇಳಿದ ತಂದೆ, ಆ ನಾಟಕಗಳು ಮೊದಲು ನಡೆದ ಊರಿಗೆ ಬಂದೂ ನೋಡದೆ ಹೋಗಬಾರದೆಂದು ಅವಳು ಚೀಟಿ ಕೊಂಡು ತಂದಿದ್ದಳು. “ಒಬ್ಬರೇ ಹೋದರೆ ನೀವು ಯಾವುದಾದರೂ ಹಳೆಯ ಪುಸ್ತಕದ ಅಂಗಡಿಯಲ್ಲಿ ಕುಳಿತುಬಿಡುತ್ತೀರಿ ಅಪ್ಪ, ಗುಂಪಿನ ಜತೆ ಹೋಗಿ” ಎಂದಳು. ಗುಂಪು ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಬೇಲೂರು ಹಳೇಬೀಡಿನ ಬಸ್ಸು. ಒಂದು ಗಂಟೆಯಲ್ಲಿ ಎಂಟು ಶತಮಾನಗಳನ್ನು ದಾಟಿಸಿ, ಮದನಿಕೆಯ ಬಳೆ ತಿರುಗುತ್ತದೆ ನೋಡಿ ಎಂದು ತೋರಿಸಿ, ಊಟಕ್ಕೆ ಹೊರಡಿಸುವ ಅವಸರ. ಅಂಥದೇ ಇನ್ನೊಂದು ಅವಸರಕ್ಕೆ ಸಿದ್ಧನಾಗಿ ಹೊರಟೆ.

ನಮ್ಮ ಮಾರ್ಗದರ್ಶಕ ಅರವತ್ತು ದಾಟಿದ ನಟ. ದೊಡ್ಡ ಪಾತ್ರಗಳನ್ನು ಮಾಡಿದವನಲ್ಲ. “ಮೂವತ್ತು ವರ್ಷ ಬಾಗಿಲು ತೆರೆಯುವ ಸೇವಕನ ಪಾತ್ರ ಮಾಡಿದ್ದೇನೆ, ಆದ್ದರಿಂದ ಈ ಬೀದಿಯ ಬಾಗಿಲುಗಳೆಲ್ಲ ನನಗೆ ಗೊತ್ತು” ಎಂದು ತನ್ನ ಪರಿಚಯವನ್ನು ತಾನೇ ಮಾಡಿಕೊಂಡ. ಆ ಮಾತಿಗೆ ನಾನು ಅವನಿಗೆ ಒಲಿದೆ. ನನ್ನ ಸೋದರಮಾವ ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಹಾರ್ಮೋನಿಯಂ ನುಡಿಸಿದವರು. ರಂಗದ ಅಂಚಿನಲ್ಲಿ ಕುಳಿತು ಬಾಳು ಕಳೆದವರ ಮಾತಿನ ಧಾಟಿ ನನಗೆ ಹೊಸದಲ್ಲ.

ಮೊದಲು ನಮ್ಮನ್ನು ಕರೆದೊಯ್ದದ್ದು ನಾಟಕಶಾಲೆಗಲ್ಲ, ಒಂದು ಇಗರ್ಜಿಗೆ. ಕೋವೆಂಟ್ ಗಾರ್ಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಆ ಊರಿನವರು ನಟರ ಇಗರ್ಜಿಯೆಂದೇ ಕರೆಯುತ್ತಾರೆ. ಒಳಗಿನ ಗೋಡೆಗಳ ಮೇಲೆ ದೇವದೂತರಿಗಿಂತ ನಟನಟಿಯರ ಹೆಸರುಗಳೇ ಹೆಚ್ಚು. ಚಾರ್ಲಿ ಚಾಪ್ಲಿನ್‌ನ ಹೆಸರಿದೆ, ವಿವಿಯನ್ ಲೀಯ ಹೆಸರಿದೆ. ಎಲೆನ್ ಟೆರಿಯ ಚಿತಾಭಸ್ಮ ಅಲ್ಲಿಯೇ ಇದೆ. ಹೊರಗಿನ ಕಂಬಸಾಲಿನ ಮೇಲೆ, 1662ರಲ್ಲಿ ಈ ತಾಣದ ಬಳಿ ನಡೆದ ಗೊಂಬೆಯಾಟವನ್ನು ಸ್ಯಾಮ್ಯುಯೆಲ್ ಪೀಪ್ಸ್ ಎಂಬ ದಿನಚರಿಕಾರ ನೋಡಿದನೆಂದು ಕೆತ್ತಲಾಗಿದೆ. ಒಂದು ಮಧ್ಯಾಹ್ನ ದಾರಿಹೋಕನೊಬ್ಬ ನಿಂತು ನೋಡಿದ ಸೂತ್ರದ ಗೊಂಬೆಯಾಟ! ಅದನ್ನು ಅವನು ಬರೆದಿಟ್ಟ. ಊರಿನವರು ಕಲ್ಲಿನಲ್ಲಿ ಕೆತ್ತಿಸಿದರು. ನಮ್ಮ ನಾಡಿನಲ್ಲಿ ಎಷ್ಟು ಗೊಂಬೆಯಾಟಗಳು ಎಷ್ಟು ಗುಡಿಗಳ ಮುಂದೆ ನಡೆದುಹೋದವೋ ಎಂಬ ಯೋಚನೆ ಅಲ್ಲಿಯೇ ಮೊಳೆಯಿತು. ಆದರೆ ಕೊಡೆ ಮುಂದೆ ಸಾಗಿತ್ತು, ನಾನೂ ನಡೆದೆ.

ಅಲ್ಲಿಂದ ಕೂಗಳತೆಯಲ್ಲಿ ಡ್ರೂರಿ ಲೇನಿನ ರಾಯಲ್ ಥಿಯೇಟರ್. ಆ ಸ್ಥಳದಲ್ಲಿ 1663ರಿಂದ ನಾಟಕ ನಡೆದಿದೆ; ಆದರೆ ನಾವು ನೋಡುವ ಕಟ್ಟಡ ನಾಲ್ಕನೆಯದು. ಮೊದಲನೆಯದು 1672ರಲ್ಲಿ ಸುಟ್ಟಿತು. ಎರಡನೆಯದನ್ನು ಹಳತಾಯಿತೆಂದು ಕೆಡವಿದರು. ಮೂರನೆಯದನ್ನು 1794ರಲ್ಲಿ ಕಟ್ಟುವಾಗ, ಬೆಂಕಿ ಬಿದ್ದರೆ ತಡೆಯಲೆಂದು ಕಬ್ಬಿಣದ ಪರದೆಯನ್ನೇ ಇಳಿಬಿಟ್ಟರು. ಹದಿನೈದು ವರ್ಷಕ್ಕೆ ಅದೂ ಸುಟ್ಟುಹೋಯಿತು. 1809ರ ಫೆಬ್ರವರಿಯ ಆ ರಾತ್ರಿ ಅದರ ಒಡೆಯನಾಗಿದ್ದ ನಾಟಕಕಾರ ಷೆರಿಡನ್ ಎದುರಿನ ಹೋಟಲಿನಲ್ಲಿ ಕುಳಿತು, ಉರಿಯುತ್ತಿದ್ದ ತನ್ನ ಸರ್ವಸ್ವವನ್ನು ನೋಡುತ್ತ ಮದ್ಯ ಕುಡಿಯುತ್ತಿದ್ದನಂತೆ. ಕೇಳಿದವರಿಗೆ, ತನ್ನ ಮನೆಯ ಒಲೆಯ ಮುಂದೆ ಕುಳಿತು ಒಂದು ಲೋಟ ಕುಡಿಯುವುದಕ್ಕೂ ಅಡ್ಡಿಯೇ ಎಂದನೆಂಬ ಕಥೆ ಉಳಿದಿದೆ. ಈಗಿರುವ ಕಟ್ಟಡ 1812ರದು. ನಾವು ನೋಡಿ ಬಂದ ಮೇಲೆ ಅದನ್ನು ಜೀರ್ಣೋದ್ಧಾರಕ್ಕಾಗಿ ಮುಚ್ಚಿ 2021ರಲ್ಲಿ ಮತ್ತೆ ತೆರೆದರು.

ರಂಗದ ಕೆಳಗೆ, ನೆಲಮಾಳಿಗೆಗೆ ಇಳಿದೆವು. ರಂಗದ ನೆಲವನ್ನೇ ಮೇಲೆತ್ತಿ ಕೆಳಗಿಳಿಸುತ್ತಿದ್ದ ಹಳೆಯ ಯಂತ್ರಗಳ ನಡುವೆ ನಿಂತು ನಮ್ಮ ನಟ ಹೇಳಿದ: 1902ರಲ್ಲಿ ಬೆನ್-ಹರ್ ನಾಟಕಕ್ಕಾಗಿ ಈ ರಂಗದ ಮೇಲೆ ನಿಜವಾದ ಕುದುರೆಗಳು ರಥಗಳನ್ನೆಳೆದು ಓಡಿದವು, ಕಾಲಕೆಳಗಿನ ನೆಲ ಹಿಂದಕ್ಕೆ ಉರುಳುತ್ತಿತ್ತು, ಕುದುರೆಗಳು ಓಡುತ್ತಿದ್ದವು, ಆದರೆ ಇದ್ದಲ್ಲಿಯೇ ಇರುತ್ತಿದ್ದವು. ಗುಂಪಿನವರೆಲ್ಲ ಬೆರಗಾದರು. ನನಗೆ ಬೆರಗಿಗಿಂತ ಸಂತೋಷವೇ ಹೆಚ್ಚಾಯಿತು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದುದನ್ನು ನಮ್ಮ ಹಿರಿಯರು ಇದೇ ಬೆರಗಿನಿಂದ ಹೇಳುತ್ತಿದ್ದರಲ್ಲ! ಜನರ ಕಣ್ಣಿಗೆ ಹಬ್ಬ ಮಾಡಬೇಕೆಂಬ ಆಸೆಗೆ ದೇಶಭೇದವಿಲ್ಲ.

ಜಗಳಕ್ಕೂ ಇಲ್ಲ. 1735ರಲ್ಲಿ ಇದೇ ರಂಗಮಂದಿರದಲ್ಲಿ ಚಾರ್ಲ್ಸ್ ಮ್ಯಾಕ್ಲಿನ್ ಎಂಬ ನಟ, ಕೃತಕ ಕೂದಲಿನ ಒಂದು ಟೋಪಿಗಾಗಿ ಸಹನಟನೊಡನೆ ಕಾದಾಡಿ ಅವನ ಕಣ್ಣಿಗೆ ಕೋಲು ಚುಚ್ಚಿ ಕೊಂದ. ಕಿರೀಟಕ್ಕಾಗಿ ಭೀಮನೂ ದುರ್ಯೋಧನನೂ ಪರದೆಯ ಹಿಂದೆಯೇ ಗದಾಯುದ್ಧ ಮುಗಿಸಿಕೊಂಡು ರಂಗಕ್ಕೆ ಬಂದ ಕಥೆಗಳನ್ನು ಮಾವನವರು ಹೇಳುತ್ತಿದ್ದರು. ಪುಣ್ಯಕ್ಕೆ ಅವು ಕೊಲೆಯವರೆಗೆ ಹೋಗುತ್ತಿರಲಿಲ್ಲ.

ಈ ಡ್ರೂರಿ ಲೇನಿನ ಕಥೆಯೊಳಗೆ ಒಂದು ರಾಜಾಜ್ಞೆಯೂ ಇದೆ. 1642ರಲ್ಲಿ ಪಾರ್ಲಿಮೆಂಟು ನಾಟಕಶಾಲೆಗಳನ್ನು ಮುಚ್ಚಿಸಿತ್ತು. 1660ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಚಾರ್ಲ್ಸ್ ದೊರೆ ಇಬ್ಬರಿಗೆ ಮಾತ್ರ ನಾಟಕವಾಡಿಸುವ ಸನ್ನದು ಕೊಟ್ಟ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬಹುದೆಂಬ ಅಪ್ಪಣೆಯನ್ನೂ ಸೇರಿಸಿದ. ಅದಕ್ಕೆ ಹಿಂದೆ ಷೇಕ್ಸ್‌ಪಿಯರನ ಜೂಲಿಯೆಟ್, ಒಫೀಲಿಯ, ಡೆಸ್ಡಿಮೋನರೆಲ್ಲ ಮೀಸೆ ಮೂಡದ ಹುಡುಗರೇ. ನಮ್ಮ ಕಂಪನಿಗಳ ಸ್ತ್ರೀಪಾತ್ರಧಾರಿಗಳನ್ನು ಕಂಡಿದ್ದ ನನಗೆ ಇದು ಕೇಳಿದ ಕಥೆಯಲ್ಲ, ಕಂಡ ಕಥೆ.

ದೊರೆ ಕೊಟ್ಟದ್ದು ಸನ್ನದು. ಮುಂದೆ ಬಂದದ್ದು ಕತ್ತರಿ. 1737ರ ಕಾಯಿದೆಯಿಂದ ಮೊದಲುಗೊಂಡು 1968ರವರೆಗೆ, ಹೊಸ ನಾಟಕ ರಂಗಕ್ಕೆ ಬರುವ ಮುನ್ನ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಗೆ ಅದರ ಹಸ್ತಪ್ರತಿ ಹೋಗಬೇಕಾಗಿತ್ತು. ಅವರು ಹೊಡೆದುಹಾಕಿದ ಸಾಲನ್ನು ನಟ ನುಡಿಯುವಂತಿರಲಿಲ್ಲ. ಇದೇ ಸರಕಾರ ನಮ್ಮ ದೇಶಕ್ಕೂ 1876ರಲ್ಲಿ ನಾಟಕ ಪ್ರದರ್ಶನಗಳ ಕಾಯಿದೆಯನ್ನು ತಂದು, ತನಗೆ ಸೇರದ ನಾಟಕಗಳನ್ನು ನಿಲ್ಲಿಸುವ ಅಧಿಕಾರ ಪಡೆಯಿತು. ಈ ಮಾತನ್ನು ನಮ್ಮ ಗುಂಪಿಗೆ ನಾನೇ ಹೇಳಿದೆ. ಮಾರ್ಗದರ್ಶಕ ಕೊಡೆ ಇಳಿಸಿ ಕೇಳಿ, “ಅದು ನನಗೆ ತಿಳಿದಿರಲಿಲ್ಲ, ನಾಳೆಯಿಂದ ಹೇಳುತ್ತೇನೆ” ಎಂದ. ಮೂವತ್ತು ವರ್ಷ ಪಾಠ ಹೇಳಿದ್ದರಲ್ಲಿ ಇಷ್ಟು ಬೇಗ ಫಲ ಕಂಡದ್ದು ಅದೇ ಮೊದಲು.

ಮಧ್ಯಾಹ್ನವೆಲ್ಲ ವೆಸ್ಟ್ ಎಂಡ್ ಎಂಬ ನಾಟಕಪೇಟೆಯಲ್ಲಿ ಕಳೆಯಿತು. ಪೇಟೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮಲ್ಲಿ ಅರಳೇಪೇಟೆ, ಅಕ್ಕಿಪೇಟೆಗಳಿದ್ದಂತೆ ಅಲ್ಲಿ ಒಂದು ಮೈಲಿಯೊಳಗೆ ನಲವತ್ತರಷ್ಟು ನಾಟಕಶಾಲೆಗಳು ಒತ್ತಾಗಿ ನಿಂತಿವೆ. ಲೆಸ್ಟರ್ ಚೌಕದಲ್ಲಿ ಉಳಿದ ಟಿಕೀಟುಗಳನ್ನು ಕಡಮೆ ಬೆಲೆಗೆ ಮಾರುವ ಕಟ್ಟೆಯಿದೆ. 1980ರಿಂದ ನಡೆದು ಬಂದಿದೆ. ಸೇಂಟ್ ಮಾರ್ಟಿನ್ಸ್ ಥಿಯೇಟರಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಡೆಯುತ್ತಿತ್ತು. 1952ರ ನವೆಂಬರಿನಲ್ಲಿ ಪಕ್ಕದ ರಂಗಮಂದಿರದಲ್ಲಿ ಆರಂಭವಾಗಿ 1974ರಲ್ಲಿ ಇಲ್ಲಿಗೆ ಬಂದ ನಾಟಕ. ಇಂದಿನದು ಎಷ್ಟನೆಯ ಪ್ರಯೋಗವೆಂದು ಒಳಗೆ ಹಲಗೆಯ ಮೇಲೆ ದಿನವೂ ಬರೆಯುತ್ತಾರೆ. ಕೊಲೆಗಾರ ಯಾರೆಂದು ಹೊರಗೆ ಹೇಳಬಾರದೆಂದು ಪ್ರೇಕ್ಷಕರಿಂದ ಮಾತು ತೆಗೆದುಕೊಳ್ಳುವುದು ಅಲ್ಲಿಯ ವಾಡಿಕೆ. ಯುದ್ಧವೂ ಅಲ್ಲ, ಬೆಂಕಿಯೂ ಅಲ್ಲ, 2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಅದನ್ನು ನಿಲ್ಲಿಸಿತು. 2021ರ ಮೇ ತಿಂಗಳಿನಲ್ಲಿ ಮತ್ತೆ ಪರದೆ ಎದ್ದಿತು. ಸಾಹಿತ್ಯದ ದೃಷ್ಟಿಯಿಂದ ಅದು ಮಹಾನಾಟಕವಲ್ಲ. ಆದರೆ ಜನ ಬರುತ್ತಾರೆ, ಪೇಟೆ ನಡೆಯುತ್ತದೆ. ಪೇಟೆ ನಡೆದರೆ ತಾನೇ ಅದರ ನೆರಳಿನಲ್ಲಿ ಒಳ್ಳೆಯ ನಾಟಕಕ್ಕೂ ಒಂದು ಬಾಗಿಲು ತೆರೆದಿರುತ್ತದೆ!

ಎರಡನೆಯ ದಿನ ಥೇಮ್ಸ್ ನದಿಯ ದಕ್ಷಿಣ ದಂಡೆ. ಮೊದಲು ನ್ಯಾಷನಲ್ ಥಿಯೇಟರ್. ಹೊರಗಿನಿಂದ ಅದು ಕಾಂಕ್ರೀಟಿನ ಒರಟು ಕಟ್ಟಡ. ಡೆನಿಸ್ ಲಾಸ್ಡನ್ ಎಂಬ ವಾಸ್ತುಶಿಲ್ಪಿಯ ಕೃತಿ. ಅದರ ಸೊಬಗಿನ ಬಗ್ಗೆ ಆ ಊರಿನವರಲ್ಲಿಯೇ ಒಮ್ಮತವಿಲ್ಲ. ಒಳಗೆ ಮೂರು ರಂಗಗಳಿವೆ. ದೊಡ್ಡದಕ್ಕೆ ಲಾರೆನ್ಸ್ ಒಲಿವಿಯೆಯ ಹೆಸರು. ಗ್ರೀಸಿನ ಎಪಿಡೌರಸ್ ಬಯಲು ರಂಗದ ನೆನಪಿನಲ್ಲಿ ಬೀಸಣಿಗೆಯಂತೆ ಹರಡಿಕೊಂಡ ಆಸನಗಳು, ಸಾವಿರದ ನೂರಕ್ಕೆ ಮಿಕ್ಕಿ. ಅದರ ರಂಗದ ಅಡಿಯಲ್ಲಿ ಐದು ಅಂತಸ್ತಿನಷ್ಟು ಆಳದ, ತಿರುಗುತ್ತಲೇ ಏಳುವ ಇಳಿಯುವ ಉರುಳೆಯಿದೆ. ಬಡಗಿಗಳು ಒಂದು ಕಡೆ ಅರಮನೆಯ ಮೆಟ್ಟಿಲುಗಳಿಗೆ ಮೊಳೆ ಹೊಡೆಯುತ್ತಿದ್ದರು. ಇನ್ನೊಂದು ಕಡೆ ಒಬ್ಬಾಕೆ ಹೊಚ್ಚ ಹೊಸ ಕೋಟನ್ನು ಹಳೆಯದಾಗಿಸಲು ಉಜ್ಜುತ್ತಿದ್ದಳು.

ಕಟ್ಟಡಕ್ಕಿಂತ ಅದರ ಕಥೆ ನನಗೆ ದೊಡ್ಡದಾಗಿ ಕಂಡಿತು. ದೇಶಕ್ಕೊಂದು ರಾಷ್ಟ್ರೀಯ ರಂಗಮಂದಿರ ಬೇಕೆಂದು ಎಫಿಂಗಮ್ ವಿಲ್ಸನ್ ಎಂಬ ಪುಸ್ತಕ ಪ್ರಕಾಶಕ ಬರೆದದ್ದು 1848ರಲ್ಲಿ. ಅದಕ್ಕೆ ಕಾನೂನು ಆದದ್ದು 1949ರಲ್ಲಿ. ಒಲಿವಿಯೆಯ ನೇತೃತ್ವದಲ್ಲಿ ತಂಡ ಏರ್ಪಟ್ಟದ್ದು 1963ರಲ್ಲಿ, ಅದೂ ಓಲ್ಡ್ ವಿಕ್ ಎಂಬ ಹಳೆಯ ನಾಟಕಶಾಲೆಯಲ್ಲಿ. ಈ ಕಟ್ಟಡದ ಬಾಗಿಲು ತೆರೆದದ್ದು 1976ರಲ್ಲಿ. ಹೇಳಿದ್ದಕ್ಕೂ ಆದದ್ದಕ್ಕೂ ನಡುವೆ ನೂರ ಇಪ್ಪತ್ತೆಂಟು ವರ್ಷ! ಜಗತ್ತಿನ ಅರ್ಧ ಸಂಪತ್ತು ಹರಿದುಬರುತ್ತಿದ್ದ ಊರಿನಲ್ಲಿ, ಷೇಕ್ಸ್‌ಪಿಯರನ ನಾಡಿನಲ್ಲಿ, ಇಷ್ಟು ಕಾಲ ಹಿಡಿಯಿತು. ನಮ್ಮ ತಾಲ್ಲೂಕು ಕೇಂದ್ರದ ರಂಗಮಂದಿರ ಹದಿನೆಂಟು ವರ್ಷದಿಂದ ಅಡಿಪಾಯದಲ್ಲಿಯೇ ನಿಂತಿರುವುದಕ್ಕೆ ಇದೊಂದು ಸಮಾಧಾನವೋ ಎಚ್ಚರಿಕೆಯೋ ನನಗೆ ನಿರ್ಧರಿಸಲಾಗಲಿಲ್ಲ.

ಅಲ್ಲಿಂದ ನದಿಯ ದಂಡೆಯಗುಂಟ ಬ್ಯಾಂಕ್‌ಸೈಡಿಗೆ ನಡೆದೆವು. ಎಲಿಜಬೆತ್ ರಾಣಿಯ ಕಾಲದಲ್ಲಿ ನಗರದ ಹಿರಿಯರಿಗೆ ನಾಟಕವೆಂದರೆ ಆಗದು. ಜನ ಸೇರಿದರೆ ಪ್ಲೇಗು ಹರಡುತ್ತದೆ, ಶಿಷ್ಯಂದಿರು ಕೆಲಸ ಬಿಟ್ಟು ಓಡುತ್ತಾರೆ ಎಂಬ ದೂರು. ಆದ್ದರಿಂದ ನಾಟಕಶಾಲೆಗಳು ಅವರ ಅಧಿಕಾರ ತಲುಪದ ಈ ದಂಡೆಗೆ, ಕರಡಿ ಕಾಳಗದ ಅಂಕಣಗಳ ಪಕ್ಕಕ್ಕೆ ಬಂದವು. ಇಲ್ಲಿ 1587ರಲ್ಲಿ ಫಿಲಿಪ್ ಹೆನ್ಸ್ಲೊ ಎಂಬ ವ್ಯಾಪಾರಿ ರೋಸ್ ಎಂಬ ನಾಟಕಶಾಲೆ ಕಟ್ಟಿಸಿದ. ಮಾರ್ಲೋನ ನಾಟಕಗಳು ನಡೆದದ್ದು ಅಲ್ಲಿ. ಕಾಲಾಂತರದಲ್ಲಿ ಅದು ಮಣ್ಣಿನಲ್ಲಿ ಮರೆಯಾಯಿತು. 1989ರಲ್ಲಿ ಕಚೇರಿ ಕಟ್ಟಡವೊಂದಕ್ಕಾಗಿ ಅಗೆಯುವಾಗ ಅದರ ಅಡಿಪಾಯ ಕಾಣಿಸಿತು. ನಟರು, ವಿದ್ವಾಂಸರು, ಊರಿನ ಜನ ಬಂದು ಅಡ್ಡ ನಿಂತರು. ಹಣ್ಣು ಮುದುಕಿಯಾಗಿದ್ದ ಪೆಗಿ ಆಷ್‌ಕ್ರಾಫ್ಟ್ ಕೂಡ ಬಂದಿದ್ದರು. ಕೊನೆಗೆ ಕಚೇರಿಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗೆ ನಾಟಕಶಾಲೆಯ ಅವಶೇಷವನ್ನು ಉಳಿಸಿದರು.

ನಾವು ಒಳಗೆ ಹೋದಾಗ ಕಂಡದ್ದು ಕತ್ತಲೆ, ಮತ್ತು ನೀರು. ಅಡಿಪಾಯ ಒಣಗಿ ಬಿರಿಯದಿರಲೆಂದು ಅದನ್ನು ಮರಳಿನಲ್ಲಿ ಹೂತು ಮೇಲೆ ನೀರು ನಿಲ್ಲಿಸಿದ್ದಾರೆ. ಗೋಡೆಗಳು ಎಲ್ಲಿದ್ದವೆಂಬುದಕ್ಕೆ ನೀರಿನ ಮೇಲೆ ಕೆಂಪು ದೀಪಗಳ ಒಂದು ಗೆರೆ. ಅಷ್ಟೇ. ಅದನ್ನು ನೋಡಲು ನಾವು ಹದಿನಾಲ್ಕು ಮಂದಿ ಸಮುದ್ರಗಳನ್ನು ದಾಟಿ ಬಂದಿದ್ದೆವು.

ಹೆನ್ಸ್ಲೊನ ಲೆಕ್ಕದ ಪುಸ್ತಕವೊಂದು ಉಳಿದಿದೆ. ಯಾವ ಕವಿಗೆ ಎಷ್ಟು ಮುಂಗಡ ಕೊಟ್ಟ, ಯಾವ ಉಡುಪಿನ ಜರಿಗೆ ಎಷ್ಟು ತೆತ್ತ, ಯಾವ ನಾಟಕಕ್ಕೆ ಎಷ್ಟು ವಸೂಲಾಯಿತು ಎಲ್ಲ ಅದರಲ್ಲಿದೆ. 1598ರ ರಂಗಸಾಮಗ್ರಿಯ ಪಟ್ಟಿಯೂ ನಮಗೆ ದೊರೆತಿದೆ: ಒಂದು ಬಂಡೆ, ಒಂದು ಗೋರಿ, ಒಂದು ನರಕದ ಬಾಯಿ. ಅವನ ಉಡುಪುಗಳಲ್ಲಿ, ಅದೃಶ್ಯನಾಗಿ ನಡೆದಾಡುವ ಪಾತ್ರ ತೊಡಬೇಕಾದ ನಿಲುವಂಗಿಯೂ ಒಂದು! ಗುಂಪಿನವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ.

ಏಕೆಂದರೆ ನನ್ನ ಸೋದರಮಾವನವರೂ ಒಂದು ಟ್ರಂಕು ಬಿಟ್ಟು ಹೋಗಿದ್ದರು. 1974ರಲ್ಲಿ ಅವರು ತೀರಿಕೊಂಡಾಗ ಹಾರ್ಮೋನಿಯಮ್ಮನ್ನು ಯಾರೋ ಭಜನಾಮಂದಿರಕ್ಕೆ ಒಯ್ದರು. ಟ್ರಂಕಿನ ತುಂಬ ಕಾಗದವಿತ್ತು. ಅವರ ಕೈಬರಹದ ಹಾಡಿನ ಪುಸ್ತಕಗಳು, ಯಾವ ಊರಿನಲ್ಲಿ ಎಷ್ಟು ದಿನ ಕ್ಯಾಂಪು ಎಂಬ ಪಟ್ಟಿ, ಬಣ್ಣ ಮಾಸಿದ ಹ್ಯಾಂಡ್‌ಬಿಲ್ಲುಗಳು, ಯಾರಿಗೆ ಎಷ್ಟು ಸಂಬಳ ಬಾಕಿ ಎಂಬ ಚೀಟಿಗಳು. ನಾನು ಆಗ ಹೊಸದಾಗಿ ಇಂಗ್ಲಿಷ್ ಅಧ್ಯಾಪಕನಾಗಿದ್ದೆ. ಹೆನ್ಸ್ಲೊನ ಹೆಸರನ್ನು ಆ ವೇಳೆಗೇ ಬಲ್ಲವನು. ಪರೀಕ್ಷೆಗೆ ಅವನ ಮೇಲೆ ಟಿಪ್ಪಣಿ ಬರೆದು ಅಂಕ ಗಳಿಸಿದವನು. ಅತ್ತೆ ಕೇಳಿದರು: “ಇದನ್ನೇನು ಮಾಡೋಣಪ್ಪ?” ರದ್ದಿ ಕಾಗದದವನನ್ನು ಕರೆದು ತೂಕಕ್ಕೆ ಹಾಕಿಸಿದವನು ನಾನೇ. ಎಷ್ಟು ಬಂತೆಂಬುದು ನೆನಪಿಲ್ಲ. ತಕ್ಕಡಿಯ ತಟ್ಟೆ ಕೆಳಗಿಳಿದದ್ದು ನೆನಪಿದೆ. ಲಂಡನ್ನಿನ ಒಂದು ಕಚೇರಿಯ ಕೆಳಗೆ, ಆ ಕೆಂಪು ದೀಪಗಳ ಮುಂದೆ, ನಲವತ್ತನಾಲ್ಕು ವರ್ಷದ ಮೇಲೆ, ನಾನು ತೂಕಕ್ಕೆ ಹಾಕಿದ್ದು ಏನೆಂದು ನನಗೆ ಗೊತ್ತಾಯಿತು.

ಹೊರಗೆ ಬಂದು ಗ್ಲೋಬಿನ ಕಡೆಗೆ ನಡೆದೆವು. ದಾರಿಯಲ್ಲಿ ಮಾರ್ಗದರ್ಶಕ ಹೇಳಿದ ಒಂದು ಸಂಗತಿ ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇ. ಆದರೆ ಅಂದು ಅದು ಬೇರೆಯಾಗಿ ಕೇಳಿಸಿತು. ಷೇಕ್ಸ್‌ಪಿಯರನ ತಂಡದ ಮೊದಲ ನಾಟಕಶಾಲೆ ನದಿಯ ಆಚೆ, ಷೋರ್‌ಡಿಚ್ಚಿನಲ್ಲಿತ್ತು, 1576ರಲ್ಲಿ ಕಟ್ಟಿದ್ದು. ನೆಲದ ಒಡೆಯನೊಡನೆ ಗುತ್ತಿಗೆಯ ವ್ಯಾಜ್ಯ ಬಂದಾಗ, 1598ರ ಡಿಸೆಂಬರಿನ ಚಳಿಯಲ್ಲಿ ತಂಡದವರು ಬಡಗಿಯೊಡನೆ ಹೋಗಿ ಇಡೀ ನಾಟಕಶಾಲೆಯ ಮರಮುಟ್ಟನ್ನು ಬಿಚ್ಚಿ ಸಾಗಿಸಿದರು. ಆ ತೊಲೆಗಳಿಂದಲೇ 1599ರಲ್ಲಿ ಈ ದಂಡೆಯಲ್ಲಿ ಗ್ಲೋಬ್ ಎದ್ದು ನಿಂತಿತು. ಅಂದರೆ ಅದೂ ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಹೋದ ಕಂಪನಿಯೇ! ನಮ್ಮ ಕಂಪನಿಗಳು ತಗಡು, ಗಳು, ಸೀನರಿ ಪರದೆಗಳನ್ನು ಗಾಡಿಗಳ ಮೇಲೆ ಹೇರಿಕೊಂಡು ಊರಿನಿಂದ ಊರಿಗೆ ಹೋಗುತ್ತಿದ್ದುದು ನನ್ನ ಕಣ್ಣ ಮುಂದೆ ಬಂದಿತು. ನಮ್ಮ ರಂಗಭೂಮಿಗೆ ನೆಲೆಯಿರಲಿಲ್ಲ, ಅದಕ್ಕೇ ಗುರುತು ಉಳಿಯಲಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು.

ಗ್ಲೋಬಿಗಾದರೂ ಗುರುತು ಎಲ್ಲಿ ಉಳಿದಿತ್ತು? 1613ರಲ್ಲಿ ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಸುಟ್ಟಿತು. ಮತ್ತೆ ಕಟ್ಟಿದ್ದನ್ನು ನಾಟಕನಿಷೇಧದ ಕಾಲದಲ್ಲಿ ಕೆಡವಿದರು. 1949ರಲ್ಲಿ ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟ ಷೇಕ್ಸ್‌ಪಿಯರನ ನಾಟಕಶಾಲೆ ಎಲ್ಲಿತ್ತು ಎಂದು ಹುಡುಕಿಕೊಂಡು ಬಂದಾಗ, ಅವನಿಗೆ ಸಿಕ್ಕಿದ್ದು ಮದ್ಯದ ಕಾರ್ಖಾನೆಯ ಗೋಡೆಯ ಮೇಲೆ ಒಂದು ಕಂಚಿನ ಫಲಕ. ಅವನು ಅದನ್ನು ನೋಡಿ ಸುಮ್ಮನೆ ಹಿಂದಿರುಗಲಿಲ್ಲ. 1970ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿ ಉಳಿದ ಆಯುಷ್ಯವನ್ನೆಲ್ಲ ಅದಕ್ಕೆ ತೆತ್ತ. 1993ರಲ್ಲಿ ತೀರಿಕೊಂಡ, ಗ್ಲೋಬ್ ತೆರೆದದ್ದು 1997ರಲ್ಲಿ. ಹಳೆಯ ಜಾಗಕ್ಕೆ ಹತ್ತಿರದಲ್ಲಿಯೇ, ಓಕ್ ಮರದಲ್ಲಿ, 1666ರ ಮಹಾ ಅಗ್ನಿಯ ನಂತರ ಆ ನಗರದಲ್ಲಿ ಮೊದಲ ಬಾರಿಗೆ ಹುಲ್ಲಿನ ಮಾಡು ಹೊದಿಸಿ ಕಟ್ಟಿದ್ದಾರೆ.

ಅಂದಿನ ಸಂಜೆ ಅಲ್ಲಿ ‘ಹ್ಯಾಮ್ಲೆಟ್’. ನಮ್ಮದು ನಿಂತು ನೋಡುವ ಚೀಟಿ. ನಡುಅಂಗಳದಲ್ಲಿ ಏಳು ನೂರು ಜನ ನಿಲ್ಲಬಹುದು; ಮೇಲೆ ಆಕಾಶ; ಮಳೆ ಬಂದರೆ ಕೊಡೆ ಬಿಚ್ಚುವಂತಿಲ್ಲ. ಎರಡು ದಿನ ನಮ್ಮ ತಲೆಯ ಮೇಲಿದ್ದ ಕೊಡೆಯನ್ನು ಮಡಿಸಿ ಚೀಲಕ್ಕೆ ಹಾಕಿದ ಮಾರ್ಗದರ್ಶಕ, “ಇನ್ನು ನನ್ನ ಕೆಲಸವಿಲ್ಲ” ಎಂದು ನಮ್ಮ ಪಕ್ಕದಲ್ಲಿಯೇ ನಿಂತ. ಹ್ಯಾಮ್ಲೆಟ್‌ನ ಪಾತ್ರ ಮಾಡಿದವರು ಮಿಷೆಲ್ ಟೆರಿ, ಆ ವರ್ಷ ಗ್ಲೋಬಿನ ಮುಖ್ಯಸ್ಥೆಯಾಗಿ ಬಂದ ನಟಿ. ಒಫೀಲಿಯಳ ಪಾತ್ರದಲ್ಲಿ ಶುಭಂ ಸರಾಫ್ ಎಂಬ ಭಾರತೀಯ ಮೂಲದ ತರುಣ. ಗುಂಪಿನ ಕೆಲವರಿಗೆ ಇದು ವಿಚಿತ್ರವಾಗಿ ಕಂಡಿತು. ಸ್ತ್ರೀ ನಾಟಕ ಮಂಡಳಿಯ ಆರ್. ನಾಗರತ್ನಮ್ಮನವರು ಕಂಸನಾಗಿ ಅಬ್ಬರಿಸಿದ್ದನ್ನು ಕಂಡ ಕನ್ನಡಿಗನಿಗೆ ಅದರಲ್ಲಿ ವಿಚಿತ್ರವೇನಿದೆ? ಮೊದಲ ಹತ್ತು ನಿಮಿಷ ಕಾಲು ನೋವು ನೆನಪಿತ್ತು. ಆಮೇಲೆ ಕಾಲು, ಲಂಡನ್, ಗುಂಪು, ಇತಿಹಾಸ ಯಾವುದೂ ನೆನಪಿರಲಿಲ್ಲ. ಎರಡು ದಿನ ಅವನು ತೋರಿಸಿದ್ದೆಲ್ಲ ಈ ಒಂದು ಹೊತ್ತಿನ ಸುತ್ತಲಿನ ಗೋಡೆ ಎಂದು ಅರ್ಥವಾಯಿತು. ನಾಟಕವನ್ನು ಯಾರೂ ಕೂಡಿಡಲಾರರು. ಅದು ಆ ರಾತ್ರಿಗೇ ಮುಗಿಯುತ್ತದೆ. ಕೂಡಿಡಬಹುದಾದದ್ದು, ಅದು ಇಲ್ಲಿ ನಡೆಯಿತು ಎಂಬ ಮಾತನ್ನು ಮಾತ್ರ.

ಆ ತರುಣ ನಟ 2022ರಲ್ಲಿ, ನಾವು ಆ ಬೆಳಿಗ್ಗೆ ನೋಡಿದ್ದ ಒಲಿವಿಯೆ ರಂಗದ ಮೇಲೆ, ಚೆನ್ನೈಯ ಅನುಪಮಾ ಚಂದ್ರಶೇಖರ್ ಬರೆದ ‘ದಿ ಫಾದರ್ ಅಂಡ್ ದಿ ಅಸ್ಯಾಸಿನ್’ ನಾಟಕದಲ್ಲಿ ನಾಥೂರಾಮ ಗೋಡ್ಸೆಯ ಪಾತ್ರ ಮಾಡಿದ ಸುದ್ದಿಯನ್ನು ಆಮೇಲೆ ಓದಿದೆ. ಅದನ್ನು ನಿರ್ದೇಶಿಸಿದ ಇಂದು ರುಬಸಿಂಗಮ್ 2025ರಲ್ಲಿ ನ್ಯಾಷನಲ್ ಥಿಯೇಟರಿನ ಮುಖ್ಯಸ್ಥೆಯಾದರು. ನಮಗೂ ಆ ಊರಿನ ರಂಗಭೂಮಿಗೂ ನಂಟು ಹಳೆಯದು. ಭೂಗರ್ಭಶಾಸ್ತ್ರ ಕಲಿಯಲು ಲಂಡನ್ನಿಗೆ ಹೋದ ಕೈಲಾಸಂ ಅಲ್ಲಿ ಕಲ್ಲುಗಳಷ್ಟೇ ಆಸ್ಥೆಯಿಂದ ನಾಟಕಗಳನ್ನೂ ಪರೀಕ್ಷಿಸಿ ಬಂದು ನಮ್ಮ ರಂಗಕ್ಕೆ ಮನೆಮಾತು ಕೊಟ್ಟರು. ಗಿರೀಶ ಕಾರ್ನಾಡರ ಟಿಪೂ ಸುಲ್ತಾನನ ನಾಟಕ, ಸ್ವಾತಂತ್ರ್ಯದ 50ನೆಯ ವರ್ಷಕ್ಕೆಂದು ಬಿಬಿಸಿಯವರು ಬರೆಸಿದ ಬಾನುಲಿ ನಾಟಕವಾಗಿ ಮೊದಲು ಕೇಳಿಸಿತು. ಹಾಗಿದ್ದೂ 2012ರಲ್ಲಿ ಗ್ಲೋಬಿನಲ್ಲಿ ಷೇಕ್ಸ್‌ಪಿಯರನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದಾಗ ಹಿಂದಿ, ಗುಜರಾತಿ, ಬಂಗಾಳಿ, ಉರ್ದು ಕೇಳಿಸಿದವು, ಕನ್ನಡ ಕೇಳಿಸಲಿಲ್ಲ. ಬಸವಪ್ಪ ಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದ, ಕುವೆಂಪು ‘ಹ್ಯಾಮ್ಲೆಟ್’ ಅನ್ನು ‘ರಕ್ತಾಕ್ಷಿ’ಯಾಗಿಸಿದ ಭಾಷೆ ಇದು. ಇದನ್ನು ದೂರಾಗಿ ಹೇಳುತ್ತಿಲ್ಲ. ನಮ್ಮಲ್ಲಿ ಏನಿತ್ತೆಂಬುದನ್ನು ನಾವೇ ಹೇಳದಿದ್ದರೆ ಕೇಳುವವರು ಯಾರು ಎಂಬುದಷ್ಟೇ ನನ್ನ ಚಿಂತೆ.

ಊರಿಗೆ ಹಿಂದಿರುಗಿದ ಮೇಲೆ ನಾನೊಂದು ಹುಚ್ಚು ಕೆಲಸ ಮಾಡಿದೆ. 2019ರ ಜನವರಿಯ ಒಂದು ಭಾನುವಾರ, ನಮ್ಮೂರಿನಲ್ಲಿ ಕಂಪನಿ ನಾಟಕ ನಡೆಯುತ್ತಿದ್ದ ತಾಣವನ್ನು ತೋರಿಸುತ್ತೇನೆ, ಬನ್ನಿ ಎಂದು ಪರಿಚಿತರನ್ನು ಕರೆದೆ. ಹನ್ನೊಂದು ಜನ ಬಂದರು. ಅವರಲ್ಲಿ ಐವರು ಕಾಲೇಜಿನ ಹುಡುಗ ಹುಡುಗಿಯರು. ಆ ಬಯಲಿನಲ್ಲಿ ಈಗ ಬಸ್ ಡಿಪೋ ಇದೆ. ಕಾಂಪೌಂಡಿನ ಹೊರಗೆ ನಿಂತು ಕೈ ತೋರಿಸಿ, “ಇಲ್ಲಿ ಸ್ಟೇಜು, ಅಲ್ಲಿ ನೆಲದ ಕ್ಲಾಸು, ಅದರ ಹಿಂದೆ ಕುರ್ಚಿ” ಎಂದು ಹೇಳತೊಡಗಿದೆ. ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ ಮುದುಕರೊಬ್ಬರು ಎದ್ದು ಬಂದು, “ತಪ್ಪು ಹೇಳ್ತಿದ್ದೀರಿ ಮೇಷ್ಟ್ರೇ. ಸ್ಟೇಜು ಆ ಕಡೆ, ಮೂಡಲಿಗೆ ಮುಖ. ಮಳೆ ಗಾಳಿ ಪಡುವಣದಿಂದ ಬರ್ತಿತ್ತಲ್ಲ, ಪರದೆ ನೆನೀಬಾರದು ಅಂತ ಹಾಗೆ ಹಾಕ್ತಿದ್ರು” ಎಂದರು. ಅವರು ದರ್ಜಿ. ಹುಡುಗನಾಗಿದ್ದಾಗ ಅಪ್ಪನೊಡನೆ ಕಂಪನಿಯ ಉಡುಪು ಹೊಲಿದವರು. ರಾವಣನ ಮಖಮಲ್ಲಿನ ಅಂಗಿಗೆ ಎಷ್ಟು ಗಜ ಬಟ್ಟೆ ಹಿಡಿಯಿತು, ಜರಿಯ ಅಂಚು ಎಲ್ಲಿಂದ ತರಿಸಿದರು ಎಲ್ಲ ಅವರಿಗೆ ನೆನಪಿತ್ತು. ಹೊಲಿಗೆಯ ಲೆಕ್ಕದಲ್ಲಿ ಹದಿನಾಲ್ಕು ರೂಪಾಯಿ ಬಾಕಿ ಉಳಿಸಿಕೊಂಡು ಕಂಪನಿ ಮುಂದಿನ ಕ್ಯಾಂಪಿಗೆ ಹೋದದ್ದೂ ನೆನಪಿತ್ತು. ನಮ್ಮೂರಿನ ಹೆನ್ಸ್ಲೊ ನನ್ನೆದುರು ನಿಂತಿದ್ದ.

ಆಮೇಲಿನ ದಿನಗಳಲ್ಲಿ ಆ ಹುಡುಗಿಯರಲ್ಲಿ ಒಬ್ಬಳು ಅವರ ಬಳಿ ಹೋಗಿ ಕುಳಿತು ಬರೆದುಕೊಂಡಳು. ಹತ್ತೊಂಬತ್ತು ಪುಟವಾಯಿತು. ಆ ದರ್ಜಿ 2021ರಲ್ಲಿ ತೀರಿಕೊಂಡರು. ನೋಟ್‌ಬುಕ್ಕು ನಮ್ಮೂರಿನ ಗ್ರಂಥಾಲಯದಲ್ಲಿದೆ. ತೂಕಕ್ಕೆ ಹಾಕಬಾರದೆಂದು ಅದರ ಮೊದಲ ಪುಟದಲ್ಲಿ ನಾನೇ ಬರೆದಿದ್ದೇನೆ.

ಪ್ರತಿ ಊರಿನಲ್ಲಿಯೂ ಇಂಥ ಒಬ್ಬರು ಯಾವುದಾದರೂ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ನಿಮ್ಮೂರಿನಲ್ಲಿ ನಾಟಕಶಾಲೆ ಎಲ್ಲಿತ್ತು ಎಂದು ಒಮ್ಮೆ ಗಟ್ಟಿಯಾಗಿ, ಸಾಧ್ಯವಾದರೆ ತಪ್ಪಾಗಿಯೇ ಹೇಳಿ ನೋಡಿ. ತಿದ್ದಲು ಅವರು ಎದ್ದು ಬರುತ್ತಾರೆ.